ತೀರ್ಪು ಕಾಣದ ಹೊಲ

"ಆ ಹೊಲ ಕೊನೆಗೆ ಯಾರಿಗಾಯಿತು, ಸಾರ್?" ಎಂದು ರೈತರ ಮನೆಯ ಹುಡುಗನೊಬ್ಬ ತರಗತಿಯಲ್ಲಿ ಕೇಳಿದ. ಚಿನುವಾ ಅಚಿಬೆಯವರ 'ಥಿಂಗ್ಸ್ ಫಾಲ್ ಅಪಾರ್ಟ್' (1958) ಕಾದಂಬರಿಯ ಹತ್ತನೆಯ ಅಧ್ಯಾಯವನ್ನು ಮುಗಿಸಿದ್ದೆ. ಬಿಳಿಯರು ಬರುವ ಮೊದಲೇ ನೈಜೀರಿಯದ ಇಗ್ಬೊ ಜನರಲ್ಲಿ ಉತ್ತಮ ನ್ಯಾಯಪದ್ಧತಿಯಿತ್ತೆಂಬುದಕ್ಕೆ ಅದನ್ನೇ ಸಾಕ್ಷಿಯಾಗಿ ಹೇಳುವುದು ನನ್ನ ರೂಢಿ. ಹುಡುಗನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಉಮುಓಫಿಯದ ಒಂಬತ್ತು ಹಳ್ಳಿಗಳ ಪರವಾಗಿ ಒಂಬತ್ತು ಮುಖವಾಡಗಳು, ಸತ್ತ ಹಿರಿಯರ ಆತ್ಮಗಳಾಗಿ, ನ್ಯಾಯಕ್ಕೆ ಕೂಡುತ್ತವೆ. ಒಳಗಿರುವವರು ಊರಿನ ಯಜಮಾನರೇ. ಎರಡನೆಯದರ ನಡಿಗೆ ಒಕೊಂಕ್ವೊನದೆಂದು ಅವನ ಹೆಂಡಿರು ಗುರುತಿಸಿದ್ದರೂ ಬಾಯಿ ಬಿಡುವುದಿಲ್ಲ. ಈ ಮೌನವೇ ಪೀಠದ ಬಲ. ಹೆಂಡತಿಯನ್ನು ಹೊಡೆದ ಉಜೊವುಲು ಕಳ್ಳು ಹೊತ್ತು ಅವಳ ತವರಿಗೆ ಹೋಗಿ ಬೇಡಿಕೊಳ್ಳಬೇಕು. ಆಗ ತವರಿನವರು ಅವಳನ್ನು ಕಳುಹಿಸಬೇಕು. ತಪ್ಪು ಯಾರದೆಂದು ತೂಗುವ ಗೋಜಿಲ್ಲ. ಜಗಳ ಮುಗಿದರೆ ಸಾಕು. (ಏಟು ತಿಂದವಳ ಮಾತನ್ನು ಮಾತ್ರ ಯಾರೂ ಕೇಳಲಿಲ್ಲ. ಪೀಠದಲ್ಲಿ ಕುಳಿತ ಒಕೊಂಕ್ವೊನಾದರೂ ಶಾಂತಿವಾರದಲ್ಲಿಯೇ ಹೆಂಡತಿಯನ್ನು ಬಡಿದು, ಭೂದೇವಿಯ ಗುಡಿಗೆ ಆಡು, ಕೋಳಿ, ಬಟ್ಟೆ, 100 ಕವಡೆ ದಂಡ ತೆತ್ತವನು.) ಅನಂತರ ದೊಡ್ಡದೊಂದು ಭೂವ್ಯಾಜ್ಯ ಪೀಠದೆದುರಿಗೆ ಬರುತ್ತದೆ, ಅಧ್ಯಾಯ ಅಲ್ಲಿಗೇ ನಿಂತುಬಿಡುತ್ತದೆ!

ಇನ್ನೊಂದು ಹೊಲದ ಜಗಳದ ಫಲಿತಾಂಶ ನಮಗೆ ತಿಳಿಯುವುದು ಇಪ್ಪತ್ತನೆಯ ಅಧ್ಯಾಯದಲ್ಲಿ. ಆ ವೇಳೆಗೆ ಬಿಳಿಯರ ಕೋರ್ಟು ಬಂದಿದೆ. ಅನೆಟೊ ಹೊಡೆದ ಏಟಿನಿಂದ ಒಡುಚೆ ಸಾಯುವುದು ಖಚಿತವಾದಾಗ, ಭೂದೇವಿಯ ಕೋಪಕ್ಕೆ ಅಂಜಿ ಅನೆಟೊ ಊರು ಬಿಡಲು ಗಂಟುಮೂಟೆ ಕಟ್ಟುತ್ತಾನೆ. ಅಷ್ಟರಲ್ಲಿ ಸರ್ಕಾರ ಅವನನ್ನು ಹಿಡಿದು, ಕೊನೆಗೆ ಗಲ್ಲಿಗೇರಿಸುತ್ತದೆ. ಹೊಲವೋ, ದುಭಾಷಿಗೂ ಕೋರ್ಟಿನ ಜವಾನರಿಗೂ ಹಣ ಸುರಿದ ಮನೆತನದ ಪಾಲು. ಭೂಮಿಯೇ ದೇವತೆಯಾಗಿದ್ದ ಊರಿನಲ್ಲಿ ಅದು ಲಂಚಕ್ಕೆ ದಕ್ಕುವ ಸೊತ್ತಾಯಿತು. ಆ ಜನರ ಮಾತನ್ನೇ ಅರಿಯದ ನ್ಯಾಯಾಧೀಶನಿಗೆ ನೆಲದ ಕಟ್ಟಳೆ ತಿಳಿಯುವುದೆಂತು?

ಆದರೂ ಒಂದು ಸಂಗತಿಯನ್ನು ಮುಚ್ಚಿಡಲಾಗದು. ಏಟು ಬಿದ್ದದ್ದು ಕೋರ್ಟು ಕೈಹಾಕುವ ಮೊದಲೇ. ಹಳೆಯ ಕಟ್ಟಳೆ ಆ ಏಟನ್ನು ತಡೆಯಲಿಲ್ಲ. ಅದಕ್ಕೆ ಗೊತ್ತಿದ್ದುದು, ಕೊಂದವನನ್ನು ಗಡೀಪಾರು ಮಾಡಿ ಉಳಿದವರು ಕೂಡಿ ಬಾಳುವ ಬಗೆ. ಅದೂ ಒಂದು ಕುಲದೊಳಗೆ ಮಾತ್ರ. 'ಆ್ಯರೋ ಆಫ್ ಗಾಡ್' (1964) ಕಾದಂಬರಿಯಲ್ಲಿ ಉಮುವಾರೊ ಮತ್ತು ಒಕ್ಪೆರಿ ಎಂಬ ಎರಡು ಕುಲಗಳು ನೆಲಕ್ಕಾಗಿ ಕಾದುತ್ತವೆ. ನೆಲ ನಮ್ಮದಲ್ಲವೆಂದು ಪೂಜಾರಿ ಎಜೆವುಲು ತನ್ನ ಜನರಿಗೇ ಹೇಳಿದರೂ ಕೇಳುವವರಿಲ್ಲ. ಯುದ್ಧ ನಿಲ್ಲಿಸಿದ ಬಿಳಿಯ ಅಧಿಕಾರಿಯ ತೀರ್ಪು ಎಜೆವುಲುವಿನ ಮಾತಿಗೆ ಸರಿಹೊಂದುತ್ತದೆ. ಹಳೆಯದೆಲ್ಲ ಚಿನ್ನವೆಂಬ ವಿಮರ್ಶಕರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ, ನಾನೂ ದಾಟಿದವನೇ.

ಹತ್ತನೆಯ ಅಧ್ಯಾಯದ ಆ ವ್ಯಾಜ್ಯವನ್ನು ಅಚಿಬೆ ಹೇಳದೆ ಬಿಟ್ಟುದು ಮರೆವೆಯಿಂದಲ್ಲ ಎಂದೇ ಈಗ ನನ್ನ ಎಣಿಕೆ. ಗಂಡಹೆಂಡಿರ ಜಗಳ ಒಂದು ಗಡಿಗೆ ಕಳ್ಳಿನಲ್ಲಿ ತೀರೀತು. ಹೊಲದ್ದು ಹಾಗೆ ತೀರುತ್ತಿತ್ತೆಂದು ಬರೆಯಲು ಅವರ ಲೇಖನಿ ಒಪ್ಪಿರಲಾರದು. ಹುಡುಗನಿಗೆ ಹಾಗೆಂದೇ ಹೇಳಿದೆ. ಅವನಿಗೆ ತೃಪ್ತಿಯಾದಂತೆ ಕಾಣಲಿಲ್ಲ.