ಬಾರದ ಹಾಡಿನ ಬಲ

ಜಪಾನಿನ ಅನಿಮೆ ಸರಣಿ ‘ಅಟ್ಯಾಕ್ ಆನ್ ಟೈಟನ್’ನ ಕೊನೆಯ ಸೀಸನ್ ಶುರುವಾದಾಗ ಅಭಿಮಾನಿಗಳಲ್ಲಿ ಹಲವರು ರೇಗಿದ್ದರು. 2013ರಿಂದ ಮೂರು ಸೀಸನ್, ದೈತ್ಯರನ್ನು ತಡೆವ ಗೋಡೆಯೊಳಗಿನ ನಾಯಕ ಎರೆನ್ ಜೊತೆ ಹೆದರಿ, ಅತ್ತು, ಗೆದ್ದವರಿಗೆ 2020ರ ಡಿಸೆಂಬರಿನಲ್ಲಿ ಕಂಡದ್ದು ಸಮುದ್ರದಾಚೆಯ ಮಾರ್ಲೆ. ಶತ್ರುವಿನ ದೇಶ, ಶತ್ರುವಿನ ಮನೆ, ಅವರ ಮಕ್ಕಳು. ಚಿತ್ರ ಬರೆಯುವ ಸಂಸ್ಥೆಯೂ ಬದಲಾಗಿತ್ತು. ವಿಟ್ ಸ್ಟುಡಿಯೊ ಹೋಗಿ ಮಾಪಾ ಬಂದಿತ್ತು. ಹಿರೊಯುಕಿ ಸವಾನೊ ಜೊತೆಗೆ ಕೋಹ್ಟಾ ಯಮಮೊಟೊ ಸಂಗೀತಕ್ಕೆ ಕೂತಿದ್ದರು.

ದೇವನಹಳ್ಳಿಯಲ್ಲಿದ್ದು ನೋಡುವವರಿಗೆ ಹೀಗೆ ಗೋಡೆಯ ಆಚೆ ಬದಿಯಿಂದ ನೋಡುವುದು ತೀರಾ ಅಪರಿಚಿತವಾಗಬೇಕಿಲ್ಲ. 1791ರಲ್ಲಿ ಕಾರ್ನ್‌ವಾಲಿಸನ ಪಾಲಾದ ಕೋಟೆ ಇಲ್ಲೇ ಇದೆ. ಟಿಪ್ಪು ಹುಟ್ಟಿದ್ದೂ ಇದೇ ಊರಲ್ಲಿ. ಒಂದೇ ಗೋಡೆಯ ಬಗ್ಗೆ ಒಳಗಿನವರು ಕಟ್ಟುವ ಪದ ಬೇರೆ, ಹೊರಗಿನವರು ಬಾರಿಸುವ ಬ್ಯಾಂಡು ಬೇರೆ.

ಸವಾನೊ ಕೆಲಸವೇ ಬಾರಿಸುವುದು. ಮೇಳಗಾನ, ನಗಾರಿ, ನಡುವೆ ಜರ್ಮನ್ ಮಾತು. ಎರಡನೇ ಸೀಸನ್ನಿನಲ್ಲಿ ಎರೆನ್‌ನ ಜೊತೆಗಾರ ಸೈನಿಕನಾಗಿದ್ದ, ಒಳಗೊಳಗೇ ಮಾರ್ಲೆಯವನಾದ ರೈನರ್ ಗೋಡೆಯ ಮೇಲೆ ನಿಂತು ‘ಗೋಡೆ ಒಡೆದ ದೈತ್ಯ ನಾನೇ’ ಎಂಬುದನ್ನು ಹರಟೆಯ ನಡುವೆ ಹೇಳುವಷ್ಟು ಸಲೀಸಾಗಿ ಹೇಳಿಬಿಡುತ್ತಾನೆ. ಕೇಳಿದವರಿಗೆ ಅರ್ಥವಾಗುವುದೇ ತಡ. ಅವನು ರೂಪ ಬದಲಿಸುವಾಗ ‘ಯೂ ಸೀ ಬಿಗ್ ಗರ್ಲ್’ ಸ್ಫೋಟಿಸುತ್ತದೆ. ಅಂದಿನಿಂದ ದ್ರೋಹವೆಂದರೆ ಆ ಹಾಡು.

ಆದ್ದರಿಂದಲೇ 2021ರ ಜನವರಿಯ ಐದನೇ ಕಂತಿಗೆ ಎಲ್ಲರೂ ಕಿವಿ ನಿಮಿರಿಸಿ ಕಾದರು. ರಂಗದ ಮೇಲೆ ಮಾರ್ಲೆಯ ಕುಲೀನ ವಿಲ್ಲಿ ಟೈಬರ್ ಲೋಕದ ಗಣ್ಯರಿಗೆ ಚರಿತ್ರೆಯನ್ನು ನಾಟಕ ಮಾಡಿ ಹೇಳುತ್ತಿದ್ದಾನೆ. ಪಕ್ಕದ ನೆಲಮಾಳಿಗೆಯಲ್ಲಿ ಎರೆನ್ ಮತ್ತು ರೈನರ್ ಎದುರುಬದುರು. ಮೇಲೆ ಕಥೆಗೆ ಚಪ್ಪಾಳೆ. ಕೆಳಗೆ ಆ ಕಥೆಯ ಲೆಕ್ಕ ಚುಕ್ತಾ. ರೈನರ್ ನೆಲಕ್ಕೆ ಬಿದ್ದು ತನ್ನನ್ನು ಕೊಂದುಬಿಡು ಎನ್ನುತ್ತಾನೆ. ಮೇಲೆ ಯುದ್ಧ ಘೋಷಣೆಯಾದ ಗಳಿಗೆಯಲ್ಲೇ ಎರೆನ್ ದೈತ್ಯನಾಗಿ ನೆಲ ಸೀಳಿ ಏಳುತ್ತಾನೆ. ರೈನರ್ ಅಂದು ಮಾಡಿದ್ದನ್ನೇ ಈಗ ನಮ್ಮವನು ಮಾಡಿದ. ಹಾಡು ಮಾತ್ರ ಬರಲಿಲ್ಲ.

ನಿರ್ದೇಶಕರನ್ನು ಬೈದವರ ಜೊತೆ ನಾನಿಲ್ಲ. ಆ ಹಾಡು ಬಂದಿದ್ದರೆ ನಾವು ಸೀಟಿ ಹೊಡೆದು ಗೆದ್ದೆವು ಎನ್ನುತ್ತಿದ್ದೆವು. ಎರೆನ್‌ನ ದಾಳಿಗೆ ಸತ್ತವರಲ್ಲಿ ನಾಲ್ಕು ಕಂತು ನೋಡಿ ಪರಿಚಯವಾದ ಬೀದಿಯವರೂ ಇದ್ದಾರೆಂಬುದು ಮರೆತುಹೋಗುತ್ತಿತ್ತು. ನಮ್ಮ ರನ್ನ ಇದನ್ನು ಬಲ್ಲವನು. ಹೆಸರಿಗೆ ‘ಸಾಹಸಭೀಮವಿಜಯ’, ಆದರೆ ರಣಭೂಮಿಯಲ್ಲಿ ತನ್ನವರ ಹೆಣ ದಾಟುತ್ತಾ ನಡೆವ ದುರ್ಯೋಧನನಿಂದ ಕಣ್ಣು ತೆಗೆಯಲು ಬಿಡುವುದಿಲ್ಲ. ನಮ್ಮ ಬಯಲಾಟದಲ್ಲೂ ಖಳನಿಗೆ ಒಡ್ಡೋಲಗದ ಮರ್ಯಾದೆ ಉಂಟಲ್ಲ!

ಸೀಸನ್ನಿನ ಆರಂಭಗೀತೆ, ಶಿನ್ಸೆ ಕಾಮಟ್ಟೆಚಾನ್ ತಂಡದ ‘ಬೊಕು ನೊ ಸೆನ್ಸೊ’ ಕೂಡ ಅದೇ ಹಾದಿಯದು: ಬರೀ ಕವಾಯತು, ಬಣ್ಣದ ಹೊಗೆ, ಕಂಗೆಟ್ಟ ದನಿ, ಜೈಕಾರ ಹಾಕಲು ಒಬ್ಬ ನಾಯಕನನ್ನೂ ತೋರಿಸುವುದಿಲ್ಲ. 2022ರಲ್ಲಿ ಅದರ ಜಾಗಕ್ಕೆ ಸಿಮ್ ತಂಡದ ‘ದಿ ರಂಬ್ಲಿಂಗ್’ ಬಂತು. ಅದನ್ನು ಮೆಚ್ಚುವವರೇ ಹೆಚ್ಚು. ಅಬ್ಬರವೇನೋ ಜೋರು, ಜಿಮ್‌ನಲ್ಲಿ ಚೆನ್ನಾಗಿಯೇ ಕೇಳುತ್ತದೆ. ಆದರೆ ಊರೂರನ್ನೇ ತುಳಿಯುವ ಹೆಜ್ಜೆಗಳಿಗೆ ಕೇಳುಗನೂ ತಲೆದೂಗುವಂತೆ ಮಾಡುವ ಹಾಡದು. ಐದನೇ ಕಂತಿನ ಸಂಯಮ ಅದಕ್ಕೆ ಬೇಡವಾಗಿದೆ.