ಗಂಟೆ ಬಾರಿಸಿದ ಮೇಲೂ ಉಳಿಯುವ ಪ್ರಶ್ನೆಗಳು

ಇಂದಿನ ಯುವಕರಿಗೆ ಸಮಾಜದ ಬಗ್ಗೆ ಚಿಂತೆಯೇ ಇಲ್ಲ ಎಂಬ ದೂರು ಸಭೆ ಸಮಾರಂಭಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಭಟ್ಕಳ, ಹೊನ್ನಾವರ, ಕುಮಟಾಗಳ ಮಟ್ಟಿಗಂತೂ ಈ ದೂರನ್ನು ನಾವು ಒಪ್ಪಲಾರೆವು. ಇಲ್ಲಿನ ಯುವಕರು ಹಗಲಿರುಳೆನ್ನದೆ ಮೊಬೈಲಿನಲ್ಲಿ ರಾಜಕೀಯ ಮಾತನಾಡುತ್ತಾರೆ. ಅವರಲ್ಲಿ ಅಭಿಪ್ರಾಯಗಳಿಗೆ ಬರವಿಲ್ಲ. ಬರವಿರುವುದು, ತಮ್ಮ ಅಭಿಪ್ರಾಯವನ್ನು ಒಪ್ಪದವರ ಜೊತೆ ಎದುರುಬದುರು ಕುಳಿತು ಮಾತನಾಡುವ ಜಾಗಕ್ಕೆ.

ಕಾಲೇಜುಗಳ ಚರ್ಚಾ ಸ್ಪರ್ಧೆ ಅಂತಹ ಜಾಗವಲ್ಲವೇ ಎಂದು ಕೇಳಬಹುದು. ಸಭಾಕಂಪನವನ್ನು ಹೋಗಲಾಡಿಸುವುದರಲ್ಲಿ ಅದರ ಉಪಕಾರ ದೊಡ್ಡದು. ಆದರೆ ಅದರ ಸ್ವರೂಪವನ್ನು ನೋಡಿ. ವಿಷಯವನ್ನು ಹಿರಿಯರು ಆರಿಸುತ್ತಾರೆ. ಯಾರ ಮನಸ್ಸನ್ನೂ ನೋಯಿಸದ ಹಾಗೆ, ಮೊಬೈಲ್ ವರವೋ ಶಾಪವೋ ಎಂಬಂತಹ ವಿಷಯ. ವಿದ್ಯಾರ್ಥಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಾನೆ, ಗಂಟೆ ಬಾರಿಸುತ್ತದೆ, ಇಳಿಯುತ್ತಾನೆ. ಎದುರಾಳಿ ಹೇಳಿದ್ದಕ್ಕೆ ಉತ್ತರಿಸುವ ಹೊಣೆ ಅವನಿಗಿಲ್ಲ. ತಾನು ಹೇಳಿದ್ದು ಸುಳ್ಳಾಗಿದ್ದರೆ ಅದನ್ನು ತಿದ್ದಿಕೊಳ್ಳುವ ಹೊಣೆಯೂ ಇಲ್ಲ. ಟಿ.ವಿ. ಚಾನೆಲ್‌ಗಳ ಚರ್ಚೆಯಲ್ಲಿ ಗಂಟೆಯೂ ಇಲ್ಲ, ಬರೀ ಗದ್ದಲ. ಎರಡೂ ಕಡೆ ಯುವಕರು ಕಲಿಯುವುದು ಗೆಲ್ಲುವುದನ್ನು, ಕೇಳಿಸಿಕೊಳ್ಳುವುದನ್ನಲ್ಲ.

ಇದರ ಬೆಲೆ ಎಷ್ಟೆಂದು ನಮ್ಮ ಜಿಲ್ಲೆ ಕಂಡಿದೆ. 2017ರ ಡಿಸೆಂಬರ್ 8ರಂದು ಹೊನ್ನಾವರದ ಶೆಟ್ಟಿಕೆರೆಯಲ್ಲಿ ಕಾಣೆಯಾಗಿದ್ದ ಯುವಕನೊಬ್ಬನ ಶವ ಸಿಕ್ಕಿತು. ಚಿತ್ರಹಿಂಸೆ ಕೊಟ್ಟು ಕೊಂದರೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಹಾಗೇನೂ ಆಗಿಲ್ಲವೆಂಬ ವೈದ್ಯರ ಉತ್ತರಗಳನ್ನು ಪೊಲೀಸರು ಅದೇ ತಿಂಗಳು ಪ್ರಕಟಿಸಿದರು. ಆದರೆ ಕೇಳುವ ವ್ಯವಧಾನ ಯಾರಿಗಿತ್ತು? ಕುಮಟಾದಲ್ಲಿ ಪೊಲೀಸ್ ಅಧಿಕಾರಿಯ ವಾಹನವೇ ಉರಿಯಿತು, ಶಿರಸಿಗೂ ಕಿಚ್ಚು ಹಬ್ಬಿತು. ಇದು ಕೊಲೆಯಲ್ಲ, ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿ ಆದ ಸಾವು ಎಂದು ಸಿಬಿಐ ವರದಿ ಸಲ್ಲಿಸಿದ್ದು 2022ರ ಅಕ್ಟೋಬರ್‌ನಲ್ಲಿ. ಸುಳ್ಳು ಊರು ಸುತ್ತಲು ಒಂದು ದಿನ ಸಾಕಾಯಿತು, ಸತ್ಯಕ್ಕೆ ಸುಮಾರು ಐದು ವರ್ಷ ಬೇಕಾಯಿತು. ಮಗನನ್ನು ಕಳೆದುಕೊಂಡ ಮನೆಯ ದುಃಖ, ಕೇಸುಗಳಲ್ಲಿ ಸಿಲುಕಿ ಕೋರ್ಟಿಗೆ ಅಲೆದ ಹುಡುಗರ ಕಳೆದುಹೋದ ದಿನಗಳು, ಭಯದಲ್ಲಿ ಬಾಗಿಲು ಮುಚ್ಚಿದ ಅಂಗಡಿಗಳು ಇವೆಲ್ಲವೂ ಆ ಲೆಕ್ಕಕ್ಕೆ ಸೇರಬೇಕು. ‘ಇದು ನಿನಗೆ ಹೇಗೆ ಗೊತ್ತು?’ ಎಂದು ಗೆಳೆಯನನ್ನು ಕೇಳುವ ಒಂದು ಅಭ್ಯಾಸವಿದ್ದಿದ್ದರೆ!

ಈ ಅಭ್ಯಾಸವನ್ನು ಹೊರಗಿನಿಂದ ತರಬೇಕಾಗಿಲ್ಲ. ಹೊನ್ನಾವರ ಕೆರೆಮನೆ ಮೇಳದ ನೆಲ; 1934ರಿಂದ ಅಲ್ಲಿ ಯಕ್ಷಗಾನದ ಪರಂಪರೆ ನಡೆದುಬಂದಿದೆ. ಅದರದೇ ಕವಲಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ. ಬರೆದಿಟ್ಟ ಸಂಭಾಷಣೆಯೂ ಇಲ್ಲ. ಎದುರಿನ ಅರ್ಥಧಾರಿ ಹೇಳಿದ್ದನ್ನು ಕಿವಿಗೊಟ್ಟು ಕೇಳದವನು ಅಲ್ಲಿ ಒಂದು ಗಳಿಗೆಯೂ ನಿಲ್ಲಲಾರ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ರಾಮನನ್ನು ಕೇಳುತ್ತಾನೆ. ರಾಮನನ್ನು ಪೂಜಿಸುವ ಜನರೇ ಆ ಪ್ರಶ್ನೆಯನ್ನು ತಲೆದೂಗಿ ಆಲಿಸುತ್ತಾರೆ. ಯಾರ ಭಾವನೆಗೂ ಧಕ್ಕೆಯಾಗುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು ಯಕ್ಷಗಾನದಲ್ಲಿ ಬಪ್ಪ ಬ್ಯಾರಿಯಾಗಿ ಮನೆಮಾತಾದರು. ಇಂದು ಜಬ್ಬಾರ್ ಸಮೋ ಪುರಾಣ ಪಾತ್ರಗಳಿಗೆ ಅರ್ಥ ಹೇಳುತ್ತಾರೆ. ಇನ್ನೊಬ್ಬನ ಪಕ್ಷವನ್ನು ಅವನಿಗಿಂತ ಚೆನ್ನಾಗಿ ಹೇಳಬಲ್ಲವನೇ ಅಲ್ಲಿ ದೊಡ್ಡವನು.

ಯುವಕರು ಒಂದಾಗಬಲ್ಲರು ಎಂಬುದಕ್ಕೂ ಸಾಕ್ಷಿಯಿದೆ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ ಟ್ವಿಟರ್ ಅಭಿಯಾನ ನಡೆಯಿತು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಸತ್ತಾಗ ಆ ಕೂಗು ಮತ್ತೆ ಎದ್ದಿತು. ಅದರಲ್ಲಿ ಜಾತಿ ಮತದ ಮಾತಿರಲಿಲ್ಲ. ಆದರೆ ಕೂಗು ಚರ್ಚೆಯಾಗಿ ಬೆಳೆಯಬೇಕಾಗಿತ್ತು. ಆಸ್ಪತ್ರೆ ಸರಕಾರದ್ದೋ ಖಾಸಗಿಯದ್ದೋ? ಕಟ್ಟಡ ಎದ್ದರೆ ತಜ್ಞ ವೈದ್ಯರು ಇಲ್ಲಿ ನೆಲೆಸುವರೇ? ಬಡವನ ಬಿಲ್ಲನ್ನು ಕಟ್ಟುವವರು ಯಾರು? ಕಾಸರಕೋಡು ಟೊಂಕದ ಬಂದರು ಯೋಜನೆಯ ಬಗೆಗೂ ಇದೇ ಮಾತು. ಉದ್ಯೋಗ ಬೇಕೆನ್ನುವ ಪದವೀಧರನೂ ಒಣಮೀನಿನ ನೆಲ ಕಳೆದುಕೊಳ್ಳುವ ಮೀನುಗಾರ ಮಹಿಳೆಯ ಮಗಳೂ ಒಂದೇ ಜಮಖಾನೆಯ ಮೇಲೆ ಕುಳಿತು ಮಾತನಾಡಿದ್ದು ಎಷ್ಟು ಸಲ?

ನಮ್ಮ ಸಲಹೆ ಸರಳವಾದುದು. ಮೂರು ತಾಲೂಕುಗಳ ಕಾಲೇಜುಗಳು ತಿಂಗಳಿಗೊಮ್ಮೆ ಕೂಡಲಿ. ವಿಷಯವನ್ನು ವಿದ್ಯಾರ್ಥಿಗಳೇ ಆರಿಸಲಿ. ಹಿಜಾಬ್ ಆಗಲಿ, 1993ರ ಭಟ್ಕಳದ ಗಲಭೆಯಾಗಲಿ ನಿಷಿದ್ಧವಾಗದಿರಲಿ. ಎದುರಿನವನ ವಾದವನ್ನು ಅವನೇ ಒಪ್ಪುವಂತೆ ಮೊದಲು ಹೇಳಿ, ಆಮೇಲೆ ತನ್ನದನ್ನು ಹೇಳಲಿ. ಸುದ್ದಿ ತಂದವನು ಅದರ ಮೂಲವನ್ನೂ ತರಲಿ. ಬಹುಮಾನ ಬೇಡ. ಹೆಣ್ಣುಮಕ್ಕಳು ಸ್ವಾಗತಗೀತೆಗೆ ಮಾತ್ರ ವೇದಿಕೆ ಏರುವ ಪದ್ಧತಿ ನಿಲ್ಲಲಿ. ಮಸೀದಿಯ ಜಮಾಅತ್ ಇರಲಿ, ದೇವಸ್ಥಾನದ ಸಮಿತಿ ಇರಲಿ, ಹಿರಿಯರು ಹಿಂದಿನ ಸಾಲಿನಲ್ಲಿ ಕುಳಿತು ಕೇಳಲಿ.

ಇದರಿಂದ ಗಲಾಟೆಯಾದೀತೆಂದು ಹೆದರುವವರಿದ್ದಾರೆ. 2017ರ ಡಿಸೆಂಬರ್‌ನಲ್ಲಿ ಗಲಾಟೆಯಾದದ್ದು ಚರ್ಚೆ ನಡೆದುದರಿಂದಲೇ?