ಪೀಜ್ ಕೇಂದ್ರದ ಗುಣದೋಷ

ನಮ್ಮ ದೇಶದ ದೂರದರ್ಶನದ ಚರಿತ್ರೆಯನ್ನು ಬರೆಯುವವರು ದೆಹಲಿಯ ಸ್ಟುಡಿಯೋಗಳನ್ನೂ 1982ರ ಏಷ್ಯನ್ ಕ್ರೀಡೆಗಳೊಡನೆ ಬಂದ ವರ್ಣಪ್ರಸಾರವನ್ನೂ ಸವಿಸ್ತಾರವಾಗಿ ಬಣ್ಣಿಸಿ, ಗುಜರಾತಿನ ಖೇಡಾ ಜಿಲ್ಲೆಯ ಪೀಜ್ ಎಂಬ ಗ್ರಾಮದಿಂದ 1975ರಿಂದ 1985ರವರೆಗೆ ನಡೆದ ಪ್ರಸಾರವನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುವುದುಂಟು. ಒಂದು ಕಿಲೋವಾಟ್ ಶಕ್ತಿಯ ಯಂತ್ರ, ಸುಮಾರು 400 ಹಳ್ಳಿಗಳು, ಸಂಜೆಯ ಅಲ್ಪಕಾಲದ ಗುಜರಾತಿ ಕಾರ್ಯಕ್ರಮ ಇಷ್ಟೇ ಅದರ ವ್ಯಾಪ್ತಿಯಾದುದರಿಂದ ಈ ಉಪೇಕ್ಷೆ ಸಹಜವೆಂದು ತೋರಬಹುದು. ಆದರೆ ಅಲ್ಲಿ ನಡೆದ ಪ್ರಯೋಗದ ಸತ್ತ್ವ ದೊಡ್ಡದು.

ಅದೇ 1975ರಲ್ಲಿ ಆರಂಭವಾದ 'ಸೈಟ್' ಉಪಗ್ರಹ ಪ್ರಯೋಗವು ಆರು ರಾಜ್ಯಗಳ 2400 ಹಳ್ಳಿಗಳನ್ನು ಒಂದು ವರ್ಷದ ಮಟ್ಟಿಗೆ ಮುಟ್ಟಿತು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ರೈತರು ಅಂದು ನೋಡಿದ ಕನ್ನಡ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಹೈದರಾಬಾದಿನಲ್ಲಿ. ಖೇಡಾದಲ್ಲಾದರೋ ಇಸ್ರೋ ಸಂಸ್ಥೆಯ ಅಹಮದಾಬಾದಿನ ತಂಡವು ಕ್ಯಾಮರಾವನ್ನು ಹಳ್ಳಿಗೆ ಹೊತ್ತೊಯ್ದು, ಅಲ್ಲಿಯ ಜನರನ್ನೇ ಪಾತ್ರಧಾರಿಗಳನ್ನಾಗಿಯೂ ವಕ್ತಾರರನ್ನಾಗಿಯೂ ಮಾಡಿಕೊಂಡಿತು. 'ದಾದ್ ಫರಿಯಾದ್' ಎಂಬ ಕಾರ್ಯಕ್ರಮದಲ್ಲಿ ಗ್ರಾಮಸ್ಥರ ದೂರುಗಳನ್ನು ಸಂಬಂಧಪಟ್ಟ ಅಧಿಕಾರಿಯ ಮುಂದಿಟ್ಟು, ಅವರಿಂದ ಉತ್ತರವನ್ನು ಪಡೆಯುವ ಪದ್ಧತಿಯಿತ್ತು. ಕಛೇರಿಯ ಹೊಸ್ತಿಲಲ್ಲಿ ಕಾದು ಹಿಂದಿರುಗುವುದನ್ನೇ ಬಲ್ಲವನಿಗೆ, ಅಧಿಕಾರಿಯು ಇಡೀ ಜಿಲ್ಲೆ ನೋಡುತ್ತಿರುವಾಗ ತನ್ನ ಪ್ರಶ್ನೆಗೆ ಸಮಾಧಾನ ಹೇಳಬೇಕಾದ ಸನ್ನಿವೇಶವು ಸಾಮಾನ್ಯವಾದ ಲಾಭವಲ್ಲ. ಬಿತ್ತನೆಯ ಬೀಜ, ಶಿಶುಪೋಷಣೆಗಳ ಕುರಿತ ಉಪದೇಶವನ್ನು ಯಾವ ಕೇಂದ್ರವಾದರೂ ಕೊಡಬಲ್ಲುದು; ಉಪದೇಶಕರನ್ನೇ ಪ್ರಶ್ನಿಸುವ ಅವಕಾಶವನ್ನು ಕೊಟ್ಟುದರಲ್ಲಿಯೇ ಪೀಜಿನ ವೈಶಿಷ್ಟ್ಯವಿದೆ. ಗ್ರಾಮೀಣ ಸಂವಹನಕ್ಕಾಗಿ ಯುನೆಸ್ಕೋ ಅದನ್ನು ಪುರಸ್ಕರಿಸಿದುದು ಉಚಿತವೇ ಆಗಿದ್ದಿತು.

ಆದರೆ ಇದರ ನ್ಯೂನತೆಯೂ ಇದರ ಗುಣದಷ್ಟೇ ಬೋಧಪ್ರದವಾದುದು. ಸಾಮೂಹಿಕ ವೀಕ್ಷಣೆಯ ಟೀವಿಗಳನ್ನು ಬಹುಮಟ್ಟಿಗೆ ಹಾಲಿನ ಸಹಕಾರ ಸಂಘಗಳಲ್ಲಿ ಇರಿಸಲಾಗಿತ್ತು. 1946ರಲ್ಲಿ ನೋಂದಣಿಯಾದ ಖೇಡಾ ಜಿಲ್ಲಾ ಹಾಲು ಒಕ್ಕೂಟವನ್ನು, ಅಂದರೆ ಇಂದಿನ ಅಮುಲ್ ಸಂಸ್ಥೆಯನ್ನು, ಕಟ್ಟಿ ನಿಲ್ಲಿಸಿದವರು ಇಂಥ ಸಂಘಗಳ ಸದಸ್ಯರೇ. ಎರಡು ಎಮ್ಮೆಗಳ ಒಡೆಯನಿಗೂ ಅಲ್ಲಿ ಮತಾಧಿಕಾರವುಂಟು. ಆದರೆ ಅದೇ ಸೂರಿನಡಿಯಲ್ಲಿ ಬೆಳಗುತ್ತಿದ್ದ ಪೆಟ್ಟಿಗೆಯ ಹಿಂದಿನ ಯಂತ್ರ, ಸ್ಟುಡಿಯೋ, ಆಯವ್ಯಯಗಳ ಮೇಲೆ ಅವನಿಗೆ ಎಳ್ಳಷ್ಟೂ ಅಧಿಕಾರವಿರಲಿಲ್ಲ. ಆದುದರಿಂದಲೇ 1985ರಲ್ಲಿ ಪ್ರಸಾರವನ್ನು ನಿಲ್ಲಿಸುವ ನಿರ್ಧಾರ ಮೇಲಿನಿಂದ ಬಂದಾಗ, ಹಳ್ಳಿಗರು ಪ್ರತಿಭಟಿಸಿದರೂ ಅದು ಫಲಿಸಲಿಲ್ಲ. ಅಧಿಕಾರಿಗಳಿಂದ ಉತ್ತರವನ್ನು ಕೇಳಲು ಜನರಿಗೆ ಕಲಿಸಿದ ಕೇಂದ್ರವು, ತನ್ನ ಅಳಿವು ಉಳಿವನ್ನು ಕುರಿತು ಅವರಿಗೆ ಉತ್ತರ ಹೇಳಬೇಕಾದ ವ್ಯವಸ್ಥೆಯನ್ನು ಮಾತ್ರ ಕಲ್ಪಿಸಿಕೊಂಡಿರಲಿಲ್ಲ.

ಹೀಗೆಂದು ಪ್ರಯೋಗಕರ್ತರನ್ನು ಹಳಿಯುವುದು ನ್ಯಾಯವಾಗಲಾರದು, ಪ್ರಸಾರವೆಲ್ಲವೂ ಸರಕಾರದ ಕೈಯಲ್ಲಿದ್ದ ಕಾಲವದು. ಆದರೂ ಜನರ ಮಾತಿಗೆ ಎಡೆಗೊಟ್ಟುದರಿಂದಲೇ ಒಂದು ಮಾಧ್ಯಮವು ಜನರದಾಗಿಬಿಡುವುದೆಂದು ನಂಬುವವರು ಪೀಜಿನ ಹತ್ತು ವರ್ಷಗಳ ಕಥೆಯನ್ನು ಸಾವಧಾನವಾಗಿ ಪರಿಶೀಲಿಸತಕ್ಕದ್ದು.